ಕರೆಂಟು ಹೋದಾಗ ಮಾತಾಡಿದ ಡಬ್ಬಿ

ಯಂತ್ರಕ್ಕೆ ಮನುಷ್ಯರ ಮನಸ್ಸು ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಪವರ್‌ಲೂಮಿನ ಸದ್ದಿನಲ್ಲೇ ಬೆಳೆದವನು ನಾನು. ಮಗ್ಗಕ್ಕೆ ಎಣ್ಣೆ ಬೇಕು, ಕರೆಂಟು ಬೇಕು. ನನ್ನ ಸುಖದುಃಖ ಕಟ್ಟಿಕೊಂಡು ಅದಕ್ಕೇನಾಗಬೇಕು? ಈಗಲೂ ನಾನು ಪೂರ್ತಿ ಬದಲಾಗಿದ್ದೇನೆ ಅಂತಲ್ಲ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಮೊದಲಿನ ಹಾಗೆ ನಗು ಬರುವುದಿಲ್ಲ.

ಬೆಂಗಳೂರಿನ ಯಾವುದೋ ಕಂಪನಿಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಮಾತಾಡುವ ಡಬ್ಬಿಯೊಂದನ್ನು ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳಬೇಕಂತೆ. "ಕನ್ನಡ ಬರುತ್ತೆ ಅಂಕಲ್ ಇದಕ್ಕೆ. ಯಾವಾಗ ಮಾತಾಡ್ಬೇಕು, ಯಾವಾಗ ಸುಮ್ನಿರ್ಬೇಕು ಅನ್ನೋದನ್ನ ಕಲೀಬೇಕು ಅಷ್ಟೇ," ಅಂದಳು. ಅದನ್ನು ನಾವು ಮನುಷ್ಯರೇ ಇನ್ನೂ ಕಲಿತಿಲ್ಲವಲ್ಲ ತಾಯಿ ಅಂದುಕೊಂಡೆ. ನಾನು ಬೇಡವೆಂದರೂ ಅಕ್ಕ ಸರೋಜಮ್ಮ ಒಪ್ಪಿಬಿಟ್ಟಳು. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾಳೆ. ನಮ್ಮ ನಾಲ್ಕು ಮಗ್ಗಗಳಲ್ಲಿ ಎರಡು ಅವಳ ಪಾಲಿಗೆ.

ಹುಡುಗಿ ಡಬ್ಬಿಯನ್ನು ನಡುಮನೆಯ ಗೂಡಿನಲ್ಲಿಟ್ಟಳು. ಅದಕ್ಕೆ ಕ್ಯಾಮೆರಾ ಇರಲಿಲ್ಲ, ಕಿವಿ ಮಾತ್ರ. ಒಳಗೆ ಬ್ಯಾಟರಿ ಇದ್ದುದರಿಂದ ಕರೆಂಟು ಹೋದರೂ ಕೆಲಸ ಮಾಡುತ್ತಿತ್ತು. ನನಗೆ ಮೊದಲ ದಿನದಿಂದಲೂ ಅದರ ಮೇಲೆ ಗುಮಾನಿ. ಮನೆಯ ಗುಟ್ಟಿನ ಮಾತು ಬಂದರೆ ಅದರ ಮೇಲೊಂದು ದಪ್ಪ ಟವೆಲ್ ಹೊದಿಸುತ್ತಿದ್ದೆ. ಅಕ್ಕ ಮಾತ್ರ ಬೆಳಿಗ್ಗೆ ಎದ್ದರೆ "ಏನಮ್ಮಾ, ನಿದ್ದೆ ಬಂತಾ?" ಎಂದು ಅದನ್ನು ವಿಚಾರಿಸಿಕೊಳ್ಳುತ್ತಿದ್ದಳು. ಅದೂ ನೆಂಟರ ಮನೆಯ ಹೊಸ ಸೊಸೆಯ ಹಾಗೆ ಅಳೆದು ತೂಗಿ ಉತ್ತರ ಕೊಡುತ್ತಿತ್ತು.

ನಮ್ಮ ಬೀದಿಯ ರೀತಿಯೊಂದನ್ನು ಇಲ್ಲಿ ಹೇಳಬೇಕು. ಮಗ್ಗ ಓಡುವಾಗ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲ. ತುಟಿ ಆಡಿಸಿ, ಕೈಸನ್ನೆ ಮಾಡಿ ಕೆಲಸ ಸಾಗಿಸುತ್ತೇವೆ. ಕರೆಂಟು ಹೋದಾಗ ಇಡೀ ಬೀದಿ ಒಮ್ಮೆಗೇ ಸುಮ್ಮನಾಗುತ್ತದೆ. ಮಗಳ ಮದುವೆಯೋ, ಮನೆಯ ಜಗಳವೋ, ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೆಲ್ಲ ನಾವು ಆಡುವುದು ಆ ಹೊತ್ತಿನಲ್ಲೇ.

ಅವತ್ತು ಮಧ್ಯಾಹ್ನ ಮೂರು ಗಂಟೆ ಇರಬಹುದು. ಹೆಂಡತಿ ಸಾಸಲಿನ ತವರಿಗೆ ಹೋಗಿದ್ದಳು. ಕರೆಂಟು ಹೋಯಿತು, ಮಗ್ಗಗಳು ನಿಂತವು. ಅಕ್ಕ ಕಾಫಿ ಮಾಡಿ ತಂದಳು. ಇಬ್ಬರೂ ನಡುಮನೆಯಲ್ಲಿ ಕೂತು ಕುಡಿಯುತ್ತಿದ್ದೆವು. ಆಗ ಗೂಡಿನಿಂದ ಮೆಲ್ಲಗೆ ದನಿ ಬಂತು.

"ಸರೋಜಕ್ಕ, ಈಗ ತಮ್ಮನಿಗೆ ಹೇಳಿಬಿಡಿ. ಅವರೊಬ್ಬರೇ ಇದ್ದಾರೆ."

ಅಕ್ಕ ಲೋಟ ಕೆಳಗಿಟ್ಟು ಗೂಡಿನ ಕಡೆ ತಿರುಗಿದಳು. "ಏನೋ ಒದರ್ತದೆ, ಬಿಡು ಅದ್ನ," ಅಂದಳು. ಅವಳ ಮುಖ ನೋಡಿದ ಮೇಲೆ ಬಿಡುವುದು ಹೇಗೆ? ಬಲವಂತ ಮಾಡಿ ಕೇಳಿದೆ. ಎಡ ಎದೆಯಲ್ಲಿ ಗಂಟು, ಐದು ತಿಂಗಳಾಯಿತು, ಈಗೀಗ ಕೈ ಎತ್ತಲೂ ಆಗುತ್ತಿಲ್ಲ ಎಂದು ನೆಲ ನೋಡುತ್ತಾ ಹೇಳಿದಳು.

"ಆ ಡಬ್ಬಿಗೆ ಹೇಳಿದ್ಯಾ, ನನಗೆ ಹೇಳ್ಲಿಲ್ವಾ?"

"ದೇವರಾಣೆಗೂ ಇಲ್ಲ ಕಣೋ. ಒಂದು ನರಪಿಳ್ಳೆಗೂ ಹೇಳಿಲ್ಲ."

ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಪರೇಷನ್ ಆಯಿತು.

ಆಮೇಲೆ ಆ ಹುಡುಗಿಯನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಅವಳು ಲ್ಯಾಪ್‌ಟಾಪಿನಲ್ಲಿ ಎಲ್ಲ ಹುಡುಕಿದಳು. ಅಕ್ಕ ಗಂಟಿನ ಮಾತೆತ್ತಿದ್ದು ಎಲ್ಲೂ ಇಲ್ಲವಂತೆ. ಕೊನೆಗೆ ಅಂದಳು, "ದಾರ ಕಿತ್ತೋದಾಗ ಮಗ್ಗ ನಿಲ್ಲಿಸಿ ಗಂಟು ಹಾಕ್ತಾರಲ್ಲ ಅಂಕಲ್, ಕೈ ಎತ್ತೋಕಾಗ್ದೆ ಆಂಟಿ ಮಗ್ಗ ದಿನದಿನಕ್ಕೂ ಜಾಸ್ತಿ ಹೊತ್ತು ನಿಲ್ತಿತ್ತು. ಗೋಡೆ ಆಚೆಯಿಂದ ಅದು ಕೇಳಿಸಿಕೊಂಡಿರ್ಬೇಕು." ಸರಿ, ನೋವಿದೆ ಅಂತ ತಿಳಿಯಿತು ಅನ್ನೋಣ. ನನಗೆ ಹೇಳಿಲ್ಲ ಎನ್ನುವುದು ಹೇಗೆ ತಿಳಿಯಿತು? ಕರೆಂಟು ಹೋಗಲಿ, ಇವನೊಬ್ಬನೇ ಇರಲಿ ಎಂದು ಕಾದು ಕೂರುವುದನ್ನು ಅದಕ್ಕೆ ಕಲಿಸಿದವರು ಯಾರು? ಹುಡುಗಿ ಈ ಸಂಗತಿಯನ್ನು ಕಂಪನಿಯವರಿಗೆ ತೋರಿಸಬಹುದಾ ಎಂದು ಕೇಳಿದಳು, ಕಣ್ಣರಳಿಸಿಕೊಂಡು. ಡಬ್ಬಿಯನ್ನು ಅವಳ ಕೈಗಿಟ್ಟು ಕಳಿಸಿದೆ.

ಆ ಕಂಪನಿಯವರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಅಕ್ಕನ ಮೇಲೂ ಒಮ್ಮೊಮ್ಮೆ ಬರುತ್ತದೆ. ಮೊನ್ನೆ ಕರೆಂಟು ಹೋದಾಗ ಮತ್ತೆ ಕೇಳಿದೆ, "ನಿಜ ಹೇಳು, ಅದಕ್ಕೆ ನೀನೇ ಹೇಳಿದ್ದೆ ತಾನೆ?"

ಅಕ್ಕನಿಗೆ ರೇಗಿಹೋಯಿತು. "ಅದಕ್ಕೆ ಹೆಂಗೆ ಗೊತ್ತಾಯ್ತು ಅಂತ ಎರಡು ವರ್ಷದಿಂದ ಕೇಳ್ತಿದ್ದೀಯಲ್ಲ. ನನ್ನ ಪಕ್ಕದ ಮಗ್ಗದಲ್ಲೇ ನೀನು ನಿಂತಿದ್ದೆ, ನಿನಗೆ ಯಾಕೆ ಗೊತ್ತಾಗ್ಲಿಲ್ಲ?"

ಅಷ್ಟರಲ್ಲಿ ಕರೆಂಟು ಬಂತು. ಅವಳು ಎದ್ದು ಮಗ್ಗದ ಕಡೆ ಹೋದಳು.