ಪ್ರೇಮನಾಥ ಹೇಳಿದ ಹೆಸರು

ಬೋಳಾರದ ಹೊಳೆಬದಿಯ ಆ ಮನೆಯಲ್ಲಿ ಎಲ್ಲರೂ ಮೀನುಗಾರರು. ಪ್ರೇಮನಾಥನೊಬ್ಬ ಗಲ್ಫಿಗೆ ಹೋಗಿ, ಬಿರುಕು ಬಿಟ್ಟ ಸೇತುವೆ ಕಂಬಗಳನ್ನು ಗಟ್ಟಿ ಮಾಡುವ ಕೆಲಸ ಕಲಿತು ಬಂದು ಇಲ್ಲಿ ಮೇಸ್ತ್ರಿಯಾದ. ತಮ್ಮ ಕಮಲೇಶನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಕಡಲಿಗೆ ಹೆದರಿ ಸಿಮೆಂಟು ಕಲಸ್ಲಿಕ್ಕೆ ಹೋದವ" ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ.

ಮನೆ ಹತ್ತಿರದ ಹಳೇ ಸೇತುವೆಯ ದುರಸ್ತಿಯೇ ಪ್ರೇಮನಾಥನ ಪಾಲಿಗೆ ಬಂದಾಗ ಹಗೆ ಬಯಲಿಗೆ ಬಿತ್ತು. ಉಪ್ಪುನೀರಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಂಬಗಳ ಮೈ ಸೀಳಿತ್ತು. ಸಡಿಲ ಕಾಂಕ್ರೀಟನ್ನು ಒಡೆದು ತೆಗೆದು, ಸುತ್ತ ಹೊಸ ಕಬ್ಬಿಣ ಕಟ್ಟಿ, ಹಲಗೆ ನಿಲ್ಲಿಸಿ ಹೊಸದಾಗಿ ಸುರಿಯಬೇಕು. ಅದಕ್ಕೆ ಕಂಬಗಳ ನಡುವೆ ದೋಣಿಗಳು ದಾಟುವ ಆಳದ ಕಂಡಿ ಮುಚ್ಚಿದರು. ಕಮಲೇಶ ಬೇಕೆಂದೇ ಅಲ್ಲಿಗೆ ಬಂದು, ಕೆಲಸದ ಅಟ್ಟಣಿಗೆಯ ಪೈಪಿಗೆ ದೋಣಿ ಕಟ್ಟುತ್ತಿದ್ದ.

"ಹಗ್ಗ ಬಿಚ್ಚು, ಕಮಲೇಶ."

"ಹೊಳೆ ಎಂತ ನಿನ್ನ ಅಪ್ಪನದ್ದಾ?"

"ನಮ್ಮಿಬ್ಬರ ಅಪ್ಪನದ್ದೂ ಅಲ್ಲ ಮಾರಾಯ. ಬಿಚ್ಚು."

ಕಾಂಕ್ರೀಟು ಸುರಿಯುವ ದಿನವೂ ಅವನು ಬಂದ. ಕೆಲಸದವರು ಕೂಗುತ್ತಿದ್ದಂತೆ ಪೈಪಿಗೆ ಹಗ್ಗ ಬಿಗಿದು ಎಂಜಿನ್ ಜೋರು ಮಾಡಿದ. ಅಟ್ಟಣಿಗೆ ವಾಲಿತು. ಹಲಗೆ ಬಾಯಿ ಬಿಟ್ಟು ಹಸಿ ಕಾಂಕ್ರೀಟು ಹೊಳೆಗೆ ಸುರಿಯಿತು. ಮೇಲಿದ್ದ ಕೆಲಸದವ, ಶಕ್ತಿನಗರದ ನೆವಿಲ್ ಜಾರಿದ. ಪೈಪಿಗೂ ಕಂಬಕ್ಕೂ ನಡುವೆ ಅವನ ಕಾಲು ಸಿಕ್ಕಿ ಮೊಣಕಾಲಿನ ಕೆಳಗೆ ಮುರಿಯಿತು. ಕಮಲೇಶ ಹಗ್ಗ ಕಡಿದು ಹೊರಟೇ ಹೋದ.

ಪೊಲೀಸರು ಬರುವ ಮೊದಲೇ ಆಸ್ಪತ್ರೆಗೆ ಪ್ರೇಮನಾಥನ ತಾಯಿ ದಮಯಂತಿ ಬಂದರು.

"ಹಗ್ಗ ತನ್ನಷ್ಟಕ್ಕೆ ಸಿಕ್ಕಿಕೊಂಡದ್ದು ಅಂತ ಹೇಳು ಪ್ರೇಮಾ."

"ಒಳಗೆ ನೆವಿಲ್‌ನ ಅಮ್ಮ ಕೂತಿದ್ದಾರೆ. ಅವರ ಮುಖ ನೋಡಿ ನೀವೇ ಹೇಳಿ."

"ಅವನು ನಿನ್ನ ಒಡಹುಟ್ಟಿದವ."

"ಗೊತ್ತುಂಟು."

ಪೊಲೀಸರು ಕೇಳಿದಾಗ ಉಳಿದ ಕೆಲಸದವರು ದೋಣಿ ಯಾರದೆಂದು ಗೊತ್ತಿಲ್ಲ ಎಂದರು. ಪ್ರೇಮನಾಥ ತಮ್ಮನ ಪೂರ್ತಿ ಹೆಸರು, ದೋಣಿಯ ನಂಬರು ಎರಡೂ ಹೇಳಿದ. ಹೇಳುವಾಗ ಅವನಿಗೆ ಒಳಗೊಳಗೇ ಹಿತವೆನಿಸಿತು. ಆ ಹಿತವೇ ಆಮೇಲೆ ಅವನ ನಿದ್ದೆ ಕೆಡಿಸಿತು.

ಸಂಜೆ ಮನೆಗೆ ಹೋದರೆ ಅವನ ಬಟ್ಟೆಬರೆ ಚೀಲದಲ್ಲಿ ತುಂಬಿ ಅಂಗಳದಲ್ಲಿಟ್ಟಿತ್ತು. ಅವನು ಬಾಗಿಲು ತಟ್ಟಲಿಲ್ಲ. ಪಡೀಲಿನಲ್ಲಿ ಒಂದು ರೂಮು ಹಿಡಿದ.

ಮುಂದೆ ಕೋಲೂರಿ ನಡೆಯುವಂತಾದಾಗ ನೆವಿಲ್ ನೇರವಾಗಿ ಕೇಳಿದ: "ನನ್ನ ಕಾಲಿಗೋಸ್ಕರ ಹೇಳಿದ್ದಾ, ಅವನ ಮೇಲಿನ ಸಿಟ್ಟಿಗಾ?"

"ಎರಡಕ್ಕೂ."

"ಹಾಗಾದರೆ ನನಗೆ ಥ್ಯಾಂಕ್ಸ್ ಹೇಳ್ಲಿಕ್ಕಿಲ್ಲ" ಎಂದು ನೆವಿಲ್ ಮುಖ ತಿರುಗಿಸಿದ.

ಕಂಬಕ್ಕೆ ಮತ್ತೆ ಹಲಗೆ ಕಟ್ಟಿ ಸುರಿದರು. ಈ ಸಲ ಗಟ್ಟಿಯಾಗಿ ನಿಂತಿತು. ಕಂಡಿ ತೆರೆದಾಗ ಜಾಮೀನಿನ ಮೇಲೆ ಹೊರಬಂದಿದ್ದ ಕಮಲೇಶನೇ ಮೊದಲು ದಾಟಿದ. ದೋಣಿ ನಿಧಾನಿಸಿ, ಅಣ್ಣನ ಮುಖವನ್ನೇ ನೋಡುತ್ತ, ಹೊಸ ಕಂಬದ ಮೇಲೆ ಉಗಿದ.

ಪ್ರೇಮನಾಥ ಅಟ್ಟಣಿಗೆಯ ಮೇಲೆ ನಿಂತಲ್ಲೇ ಸುತ್ತಿಗೆ ಕೈಗೆತ್ತಿಕೊಂಡ. ತಮ್ಮನಿಗೆ ಬೆನ್ನು ಹಾಕಿ, ಪಕ್ಕದ ಕಂಬದ ಸೀಳಿದ ಕಾಂಕ್ರೀಟು ಒಡೆಯಲು ಶುರುಮಾಡಿದ.