ಅಷ್ಟಮಿ ಬ್ಯಾಡ ಅಂದಿದ್ದೆ

ಉಮರ್ಗಾದ ನಮ್ಮ ಓಣಿಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರನ್ನು ಎಣಿಸಲು ಒಂದು ಕೈ ಸಾಕು. ಆ ಎಣಿಕೆಯಲ್ಲಿ ನಾನಿಲ್ಲ. ಆದರೂ ಮೂರು ವರ್ಷಗಳಿಂದ ಬೆಳಗಿನ ಪೂಜೆ ಮುಗಿದೊಡನೆ ನಾನು ಮೊಬೈಲಿನಲ್ಲಿ ನೋಡುವುದು ಕೊಂಕಣದ ಕಡಲಿನ ಹವಾಮಾನವನ್ನು. ಮಗಳು ಮಾಲವಣದ ಕಡೆ ಇದ್ದಾಳೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಹವಳದ ದಿಬ್ಬಗಳನ್ನು ಅಳೆಯುವುದು ಅವಳ ಕೆಲಸ.

ನಮ್ಮದು ಅಯ್ಯನವರ ಮನೆತನ. ಉಮರ್ಗಾ, ನಿಲಂಗಾ, ಉದಗೀರದ ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸುವುದು, ಮನೆ ಹೊಗಲು, ಬೋರ್ ಹೊಡೆಸಲು, ಟ್ರ್ಯಾಕ್ಟರ್ ತರಲು ಒಳ್ಳೆಯ ದಿನ ತೆಗೆದುಕೊಡುವುದು ನನ್ನ ಕಸುಬು. ಊರಿಗೆಲ್ಲ ಧೈರ್ಯ ಹೇಳುವ ನಾನು ಮಾತ್ರ ಹುಟ್ಟಾ ಅಂಜುಬುರುಕ, ಅದರಲ್ಲೂ ನೀರೆಂದರೆ ಮುಗಿಯಿತು. ಮಗಳು ಗುಂಜೋಟಿಯ ತನ್ನ ಸೋದರಮಾವನ ಬಾವಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಈಜು ಕಲಿಯುವಾಗ ನಾನು ಬಾವಿಗೆ ಬೆನ್ನು ಮಾಡಿ ತೊಗರಿ ಹೊಲ ನೋಡುತ್ತ ನಿಂತಿದ್ದೆ. ಅವಳು ದುಡುಮ್ಮೆಂದು ಧುಮುಕಿದಾಗಲೆಲ್ಲ ನನ್ನ ಉಸಿರು ಕಟ್ಟುತ್ತಿತ್ತು. ಉದಗೀರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಅವಳು ಈ ಕೆಲಸ ಹಿಡಿದಾಗ ಎರಡು ದಿನ ಊಟ ಸೇರಲಿಲ್ಲ.

ನನ್ನ ಕಾಟ ತಾಳಲಾರದೆ ಅವಳೇ ಹವಾಮಾನ ಓದುವುದನ್ನು ಫೋನಿನಲ್ಲಿ ಕಲಿಸಿದಳು.

"ಅಲಿ ಎಷ್ಟ ಎತ್ತರ ಅದ ಅಂತ ಅಷ್ಟೇ ನೋಡಬ್ಯಾಡ ಅಪ್ಪಾ. ಒಂದ ಅಲಿ ಬಂದ ಮ್ಯಾಲ ಇನ್ನೊಂದ ಬರ್ಲಿಕ್ಕಿ ಎಷ್ಟ ಸೆಕೆಂಡ್ ಹಿಡೀತದ, ಅದನ್ನೂ ನೋಡು. ಗಿಡ್ಡ ಇದ್ರೂ ಭಾಳ ಹೊತ್ತಿಗೊಂದ ಬರೋ ಅಲಿ ದೂರದ ತೂಫಾನದ್ದು. ಅದು ಬಂಡೆಗೆ ಬಡದ್ರ ಮನಷಾನ್ನ ಎತ್ತಿ ಒಗೀತದ."

ಗಾಳಿ ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಸಮುದ್ರದಿಂದ ದಂಡೆಗೆ ಜೋರು. ಎರಡು ಕಡೆಯ ಮುನ್ಸೂಚನೆ ಒಂದಕ್ಕೊಂದು ತಾಳೆಯಾಗದಿದ್ದರೆ ದೋಣಿಯವನ ಮಾತು ಕೇಳಬೇಕು. ಅವನೂ ತಲೆ ಕೆರೆದುಕೊಂಡರೆ ಅಂದು ಇಳಿಯುವಂತಿಲ್ಲ. ಇದೆಲ್ಲವನ್ನೂ ಪಂಚಾಂಗದ ಅಂಚಿನಲ್ಲಿ ಬರೆದುಕೊಂಡೆ. ಉಬ್ಬರ ಇಳಿತದ ಪುಟ ಮಾತ್ರ ನನಗೆ ತಿಳಿಯಲಿಲ್ಲ. ಬರೀ ಡೊಂಕು ಗೆರೆಗಳು. "ಅದನ್ನ ನಾ ನೋಡ್ಕೋತೀನಿ, ನೀ ಬಿಡು," ಎಂದಳು. ಬಿಟ್ಟೆ.

ದೀಪಾವಳಿ ಮುಗಿದ ಮೇಲೆ ಅವಳಿಗೊಂದು ದೊಡ್ಡ ಕೆಲಸ ಬಂತು. ದಂಡೆಯಿಂದ ಒಂದೂವರೆ ತಾಸಿನ ದೂರ, ನಡು ಸಮುದ್ರದ ಬಂಡೆಯೊಂದಕ್ಕೆ ಮೊದಲ ಸಲ ಅವಳ ಮುಂದಾಳುತನದಲ್ಲಿ ಇಳಿಯಬೇಕು. ದಿನ ಗೊತ್ತಾಗಿತ್ತು. ಪಂಚಾಂಗ ತೆಗೆದೆ. ಅಷ್ಟಮಿ!

ನಮ್ಮಲ್ಲಿ ಅಷ್ಟಮಿ, ನವಮಿಗೆ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ, ದೂರದ ಪ್ರಯಾಣ ಹೊರಡುವುದಿಲ್ಲ. ನನ್ನ ಅಪ್ಪ ಹಾಗೆ ನಡೆದರು, ಅವರ ಅಪ್ಪನೂ ಹಾಗೇ.

"ಅಷ್ಟಮಿ ಬ್ಯಾಡವ್ವಾ. ಮುಂದ ಹುಣ್ಣಿಮಿ ಅದ, ಗೌರಿ ಹುಣ್ಣಿಮಿ. ಅದಕ್ಕಿಂತ ಛಲೋ ದಿನ ಎಲ್ಲಿ ಸಿಗ್ತದ?"

"ಅಪ್ಪಾ, ಸಮುದ್ರಕ್ಕ ಅಷ್ಟಮಿನೇ ಛಲೋ ಇರ್ತದ," ಎಂದಳು. ಯಾಕೆಂದು ಹೇಳಲು ಬಾಯಿ ತೆರೆದಳು. ನಾನು ಕೇಳಿಸಿಕೊಂಡರೆ ತಾನೆ? ದನಿ ಏರಿಸಿದೆ, ಅವಳ ತೀರಿಹೋದ ತಾಯಿಯನ್ನು ಮಧ್ಯೆ ಎಳೆದುತಂದೆ, ಕೊನೆಗೆ ಅತ್ತುಬಿಟ್ಟೆ. ಅಳುವುದು ನನಗೆ ಬಹಳ ಸುಲಭ, ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ಆಯ್ತು. ಹುಣ್ಣಿಮಿಗೇ ಹೋಗ್ತೀನಿ. ನೀ ಅಳಬ್ಯಾಡ."

ಹುಣ್ಣಿಮೆಯ ಬೆಳಿಗ್ಗೆ ಹವಾಮಾನ ನೋಡಿದೆ. ಅಲೆ ಅರ್ಧ ಮೀಟರ್, ಗಾಳಿ ಇಲ್ಲವೆನ್ನುವಷ್ಟು. ನಾನು ತೆಗೆದ ದಿನ ಹೇಗಿದೆ ನೋಡು ಎಂದು ಒಳಗೊಳಗೇ ಬೀಗಿದೆ. ಏಳು ಗಂಟೆಗೆ ಅವಳ ಫೋನು ಬಂತು: "ಹನ್ನೊಂದಕ್ಕ ನೀರು ನಿಂದರ್ತದ, ಅಷ್ಟೊತ್ತಿಗಿ ಬಂಡೆ ಮುಟ್ಟಿ ಇಳೀತೀವಿ. ಅಲ್ಲಿ ರೇಂಜ್ ಇರಲ್ಲ. ಒಂದರ ಒಳಗ ಫೋನ್ ಮಾಡ್ತೀನಿ." ನೀರು ನಿಲ್ಲುವುದೆಂದರೇನು ಎಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ನಿಲಂಗಾದಲ್ಲಿ ಗೃಹಪ್ರವೇಶವಿತ್ತು, ಬಸ್ಸು ಹೊರಟಿತ್ತು.

ನಿಲಂಗಾದಲ್ಲಿ ಹೋಮಕ್ಕೆ ತುಪ್ಪ ಬರುವುದು ತಡವಾಯಿತು. ಸುಮ್ಮನೆ ಕುಳಿತವನು ಮೊಬೈಲ್ ತೆಗೆದೆ, ಬೆರಳು ತಾಗಿ ಉಬ್ಬರ ಇಳಿತದ ಪುಟ ತೆರೆದುಕೊಂಡಿತು. ಕೆಳಗೆ ಒಂದೊಂದು ದಿನಕ್ಕೂ ಪುಟ್ಟ ಚಂದ್ರನ ಚಿತ್ರ. ಚಂದ್ರನನ್ನು ಕಂಡರೆ ನನಗೆ ತಿಥಿ ತಿಳಿಯುತ್ತದೆ, ಅದೇ ನನ್ನ ವಿದ್ಯೆ. ಅರ್ಧ ಚಂದ್ರನಿದ್ದ ಅಷ್ಟಮಿಯ ಗೆರೆ ನೋಡಿದೆ. ಹೆಚ್ಚುಕಡಿಮೆ ಮಟ್ಟಸ, ನೀರು ಸ್ವಲ್ಪ ಏರಿ ಸ್ವಲ್ಪ ಇಳಿದಿತ್ತು. ಇಂದಿನ ಗೆರೆ ನೋಡಿದೆ. ಕಡಿದಾಗಿ ಏರಿ, ಹನ್ನೊಂದಕ್ಕೆ ತುದಿ ಮುಟ್ಟಿ, ಅಲ್ಲಿಂದ ಕಡಿದಾಗಿ ಇಳಿದಿತ್ತು. ಹಿಂದಿನ ತಿಂಗಳಿಗೆ ಸರಿಸಿದೆ, ಅದರ ಹಿಂದಿನದಕ್ಕೂ ಸರಿಸಿದೆ. ಪ್ರತಿ ಹುಣ್ಣಿಮೆ, ಪ್ರತಿ ಅಮಾವಾಸ್ಯೆ ಹಾಗೇ. ಪ್ರತಿ ಅಷ್ಟಮಿ ಮಟ್ಟಸ.

ಅಷ್ಟು ನೀರು ಏರಿ ಇಳಿಯಬೇಕಾದರೆ ಎಲ್ಲಿಂದಲೋ ಓಡಿ ಬರಬೇಕು, ಎಲ್ಲಿಗೋ ಓಡಿ ಹೋಗಬೇಕು. ನೀರು ನಿಲ್ಲುವುದೆಂದರೆ ಆ ತುದಿಯಲ್ಲಿ ಒಂದು ಗಳಿಗೆ ನಿಂತು ತಿರುಗುವುದು. ಆ ಗಳಿಗೆ ತಪ್ಪಿದರೆ ನೀರು ನಡು ಸಮುದ್ರಕ್ಕೆ ಎಳೆಯುತ್ತದೆ. ಗಡಿಯಾರ ನೋಡಿದೆ, ಹನ್ನೊಂದೂ ನಲವತ್ತು. ಸಮುದ್ರ ತೀರಾ ಜೋರಾಗಿ ಸೆಳೆಯುವ ದಿನವನ್ನು ಆರಿಸಿ ಮಗಳ ಕೈಗೆ ಕೊಟ್ಟವನು ನಾನೇ.

ಫೋನು ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಅಷ್ಟರಲ್ಲಿ ತುಪ್ಪ ಬಂತು, ಹೋಮಕ್ಕೆ ಕುಳಿತೆ. ಎಂಟನೆಯ ವರ್ಷದಿಂದ ಬಾಯಿಪಾಠವಾದ ಮಂತ್ರ ಅರ್ಧಕ್ಕೆ ನಿಂತಿತು. ಮುಂದಿನ ಅಕ್ಷರ ಬಾರದು. ಕೈಯಲ್ಲಿದ್ದ ಸೌಟಿನ ತುಪ್ಪ ಚಾಪೆಯ ಮೇಲೆ ಚೆಲ್ಲಿತು.

"ಕಾಯ್ ಝಾಲಂ, ಸ್ವಾಮಿ?" ಏನಾಯಿತೆಂದು ಮನೆಯ ಯಜಮಾನ ಗಾಬರಿಯಾದ. "ಬಿ.ಪಿ. ಗಿಪಿ ಏರ್‍ಯಾದೇನ್ರಿ?"

"ಏನಿಲ್ಲ, ಹೋಮದ ಹೊಗಿ," ಎಂದೆ. ಒಂದು ಗಂಟೆಗೆ ಫೋನು ಬರಲಿಲ್ಲ. ಒಂದೂವರೆಗೂ ಇಲ್ಲ. ಊಟಕ್ಕೆ ಎಬ್ಬಿಸಿದರು, ಹೋಳಿಗೆ ಬಡಿಸಿದರು. ನಾನು ಎಲೆಯ ಮುಂದೆ ಕುಳಿತು ದೇವರನ್ನು ಬೇಡಲೂ ಅಂಜಿದೆ. ಯಾವ ಬಾಯಿಂದ ಬೇಡಲಿ? ಗುಂಜೋಟಿಯ ಬಾವಿಯಲ್ಲಾದರೆ ನಾಲ್ಕು ಗೋಡೆಯಿತ್ತು, ಮಾವ ಇದ್ದ, ಹಗ್ಗವಿತ್ತು.

ಎರಡೂ ಹತ್ತಕ್ಕೆ ಫೋನು ಬಂತು.

"ಅಪ್ಪಾ, ನಾ ಆರಾಮ್ ಇದ್ದೀನಿ. ಮೊದಲ ಅದನ್ನ ಕೇಳು."

ಅವಳ ದನಿ ಕರ್ಕಶವಾಗಿತ್ತು, ಉಪ್ಪು ನೀರು ಕುಡಿದಿದ್ದಳು. ದೋಣಿಯ ಇಂಜಿನ್ ದಾರಿಯಲ್ಲಿ ಕೈಕೊಟ್ಟು ಮುಕ್ಕಾಲು ತಾಸು ತಡವಾಗಿತ್ತು. ಬಂಡೆ ಮುಟ್ಟುವಾಗ ನೀರು ಆಗಲೇ ತಿರುಗಿತ್ತು. ಜೊತೆಯವರನ್ನು ದೋಣಿಯಲ್ಲೇ ಕೂರಿಸಿ, ಸೆಳೆತ ಎಷ್ಟಿದೆ ನೋಡಿಬರುತ್ತೇನೆಂದು ಇವಳೊಬ್ಬಳೇ ಲಂಗರಿನ ಹಗ್ಗ ಹಿಡಿದು ಇಳಿದಳು. ಕೈ ಜಾರಿತು. ಮೇಲೆ ಬಂದಾಗ ದೋಣಿ ಬೆರಳಿನಷ್ಟು ಕಾಣುತ್ತಿತ್ತಂತೆ. ಕಿತ್ತಳೆ ಬಣ್ಣದ ಉದ್ದನೆಯ ಗಾಳಿಚೀಲ ಊದಿ ಎತ್ತಿ ಹಿಡಿದು ತೇಲಿದಳು. ದೋಣಿಯವನಿಗೆ ಅದು ಕಂಡಿದ್ದು ಮುಕ್ಕಾಲು ತಾಸಿನ ಮೇಲೆ.

ನಾನು ಚಪ್ಪರದ ಹೊರಗೆ ಬಂದು ರಸ್ತೆಯ ಪಕ್ಕದಲ್ಲೇ ಕುಕ್ಕರಿಸಿ ಕುಳಿತೆ.

"ನಿನಗ ಗೊತ್ತಿತ್ತೇನವ್ವಾ? ಹುಣ್ಣಿಮಿ ನೀರು ಹಿಂಗ ಎಳೀತದ ಅಂತ?"

"ಗೊತ್ತಿತ್ತು."

"ಮತ್ತ ಯಾಕ ಹೋದಿ?"

"ಅಷ್ಟಮಿಗಿ ಹೋಗಿದ್ರ ನೀ ಅಂಜಿ ಸಾಯ್ತಿದ್ದಿ ಅಪ್ಪಾ. ವ್ಯಾಳ್ಯಾ ಬರೋಬರ್ ಹಿಡದ್ರ ಆಗ್ತದ ಅನ್ಕೊಂಡೆ."

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವಳು ಗಾಳಿ ಅಳೆದಿದ್ದಳು, ಅಲೆ ಅಳೆದಿದ್ದಳು, ಉಬ್ಬರ ಅಳೆದಿದ್ದಳು. ಎಲ್ಲದರ ಮೇಲೆ ನನ್ನ ಅಂಜಿಕೆಯನ್ನೂ ಅಳೆದು, ಅದೇ ದೊಡ್ಡದೆಂದು ತಿಳಿದು ನೀರಿಗಿಳಿದಿದ್ದಳು.

ಭಕ್ತರಿಗೆ ಈಗಲೂ ದಿನ ತೆಗೆದುಕೊಡುತ್ತೇನೆ. ನೆಲದ ಮೇಲಿನ ಕೆಲಸಗಳಿಗೆ ಅಷ್ಟಮಿಯನ್ನು ಬಿಡುತ್ತೇನೆ, ಅದು ಹಿರಿಯರಿಂದ ಬಂದ ದಾರಿ. ಆದರೆ ಹುಣ್ಣಿಮೆ ಕಳೆದು ಮುಂದಿನ ವಾರ ನಾನೇ ಮಾಲವಣಕ್ಕೆ ಫೋನು ಮಾಡಿದೆ. ಪಂಚಾಂಗ ತೊಡೆಯ ಮೇಲಿತ್ತು, ಮೊಬೈಲಿನಲ್ಲಿ ಆ ಗೆರೆಗಳಿದ್ದವು. ಎರಡು ಸಲ ನೀರು ಕುಡಿದೆ.

"ನಾಳಿ ಅಷ್ಟಮಿ ಅದ," ಎಂದೆ. "ಗಾಳಿ ಕಮ್ಮಿ ಅದ. ನೀರು ಮಟ್ಟಸ ಅದ. ಹೋಗಿ ಬಾ."

"ನೀ ಅಂಜೂದಿಲ್ಲೇನಪ್ಪಾ?"

"ಅಂಜ್ತೀನಿ," ಎಂದೆ. "ಅದನ್ನ ನಾ ನೋಡ್ಕೋತೀನಿ, ನೀ ಬಿಡು."