ಅರ್ಧ ಸ್ವರ ಮೇಲಿದ್ದ ಮಹಾರಾಜ

ವಿಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತಗ್ಗಿದ ವಾದ್ಯ. ಮೇಳದ ನಡುವೆ ಕುಳಿತು ಉಳಿದವರ ನಾದಕ್ಕೆ ಮೈ ತುಂಬುವುದು ಅದರ ಕಸುಬು. ಒಂದೇ ಮೇಳದ ಅಕ್ಕ, ತಮ್ಮ ಇಬ್ಬರೂ ನುಡಿಸುತ್ತಿದ್ದುದು ಅದನ್ನೇ. ತಮ್ಮನ ಎಳವೆಯಲ್ಲೇ ಪಿಟೀಲಿನ ಮೇಷ್ಟ್ರು ಕೈಚೆಲ್ಲಿ, "ಇವನಿಗೆ ಇದು ದಕ್ಕಲ್ಲ. ವಿಯೋಲಾ ಕೊಡ್ಸಿ, ಅಲ್ಲಿ ಪೈಪೋಟಿ ಕಮ್ಮಿ" ಎಂದಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಅವನು ಮೇಳದ ಮುಂದೆ ನಿಂತು ಒಬ್ಬನೇ ಮೆರೆಯುವ ಸೋಲೋ ವಾದಕನಾದ.

ಮೇಳದ ವಿಯೋಲಾ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದ ಅಕ್ಕನಿಗೆ ಈ ಏಳಿಗೆಯ ಒಳಗುಟ್ಟು ಗೊತ್ತಿತ್ತು. ಅವನು ಅಭ್ಯಾಸಕ್ಕಿಂತ ಕೂದಲಿಗೆ ಹೆಚ್ಚು ಹೊತ್ತು ಕೊಡುವವನು. ಸ್ವರ ತಪ್ಪಿದಾಗ ಕಣ್ಣು ಮುಚ್ಚಿ ತೂಗಾಡುತ್ತಿದ್ದ; ಕೇಳುಗರು ಅದನ್ನೇ ಭಾವವೆಂದು ತಿಳಿದು ಕರಗುತ್ತಿದ್ದರು. ಅಕ್ಕ ಅವನನ್ನು ಕರೆಯುತ್ತಿದ್ದುದು ಮಹಾರಾಜ ಎಂದು.

ಆ ಸಂಜೆಯ ಕಛೇರಿ ಗೆದ್ದರೆ ಮೇಳದ ಖಾಯಂ ಸೋಲೋ ಹುದ್ದೆ ಅವನದೆಂದು ನಿರ್ದೇಶಕರು ಮಾತು ಕೊಟ್ಟಿದ್ದರು. ತನ್ನ ದನಿ ಮುಳುಗದಿರಲೆಂದು ಮಹಾರಾಜ ಹಳೆಯ ಉಪಾಯವೊಂದನ್ನು ಹೂಡಿದ: ತಂತಿಗಳನ್ನು ಅರ್ಧ ಸ್ವರ ಮೇಲಕ್ಕೆ ಬಿಗಿದು, ಅರ್ಧ ಸ್ವರ ಕೆಳಗೆ ಬರೆದ ಹಾಳೆ ನೋಡಿ ನುಡಿಸುವುದು. ಶ್ರುತಿ ಮೇಳದ್ದೇ ಆಗಿ ಉಳಿದು, ನಾದ ಮಾತ್ರ ಥಳಥಳಿಸುತ್ತದೆ.

"ಅಕ್ಕಾ, ನಿಮ್ಮ ಸಾಲಿನವರಿಗೆ ಮೆತ್ತಗೆ ನುಡಿಸೋಕೆ ಹೇಳು. ಇವತ್ತು ಜನ ನನ್ನನ್ನೇ ಕೇಳ್ಬೇಕು."

"ಕೇಳ್ತಾರೆ ಬಿಡು. ಬಾಗಿಲು ಹಾಕಿರ್ತಾರಲ್ಲ, ಎಲ್ಲಿಗೆ ಹೋದಾರು."

ಮುಖ್ಯ ಕೃತಿ ಹೇಗೋ ದಡ ಸೇರಿತು. ಚಪ್ಪಾಳೆಗೆ ಉಬ್ಬಿದ ಮಹಾರಾಜ, ಯಾರೂ ಒನ್ಸ್‌ಮೋರ್ ಎನ್ನುವ ಮೊದಲೇ ಜೋಗುಳವೊಂದಕ್ಕೆ ಸನ್ನೆ ಮಾಡಿದ. ಹಾಳೆ ಬೇಡದ, ಬಾಯಿಪಾಠವಾದ ಜೋಗುಳ. ತಂತಿ ಇಳಿಸಿಕೊಳ್ಳುವುದನ್ನು ಮಾತ್ರ ಮರೆತಿದ್ದ. ಮೇಳ ಒಂದು ಶ್ರುತಿಯಲ್ಲಿ, ಇವನು ಅದರಿಂದ ಅರ್ಧ ಸ್ವರ ಮೇಲೆ. ಹಲ್ಲು ಜುಮ್ಮೆನ್ನುವಂಥ ಕರ್ಕಶ. ಕಿವಿಯಿದ್ದವನು ಬೆರಳು ಸರಿಸಿ ಮಾನ ಉಳಿಸಿಕೊಂಡಾನು. ಇವನೋ, ಕುಣಿಯಲಾರದವಳು ನೆಲ ಡೊಂಕೆಂದಂತೆ, ವಿಯೋಲಾ ಸಾಲಿನತ್ತ ತಿರುಗಿ ಕೆಕ್ಕರಿಸಿದ.

ಅಕ್ಕ ಕಮಾನನ್ನು ತೊಡೆಯ ಮೇಲಿಟ್ಟಳು. ಪಕ್ಕದವರೂ ಇಟ್ಟರು. ಕ್ರಮೇಣ ಮೇಳವೆಲ್ಲ ಸುಮ್ಮನಾಯಿತು. ಹೋಲಿಸಲು ಬೇರೆ ದನಿಯಿಲ್ಲದೆ ಮಹಾರಾಜನ ಜೋಗುಳ ಇಂಪಾಗಿಯೇ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೇನು, ಕೂದಲು ಕಾಣುತ್ತಿತ್ತು.

ಪರದೆಯ ಹಿಂದೆ ನಿರ್ದೇಶಕರು ಅವನ ಕೈಕುಲುಕಲಿಲ್ಲ. "ನಿಮಗೆ ಮೇಳದ ಅಗತ್ಯ ಇಲ್ಲ ಸಾರ್. ಇನ್ಮೇಲೆ ಒಬ್ಬರೇ ನುಡಿಸ್ಕೊಳ್ಳಿ" ಎಂದು ಹೊರಟುಹೋದರು.

ಮಹಾರಾಜನ ಮುಖ ಅರಳಿತು. "ಕೇಳಿಸ್ತೇನಕ್ಕಾ? ನನ್ನ ಮಟ್ಟಕ್ಕೆ ಮೇಳಾನೇ ಬೇಡ್ವಂತೆ."

ಹುದ್ದೆ ಕೈತಪ್ಪಿದ್ದನ್ನು ಬಿಡಿಸಿ ಹೇಳುವ ಗೋಜಿಗೆ ಅಕ್ಕ ಹೋಗಲಿಲ್ಲ. "ಹೌದಪ್ಪಾ" ಎಂದು ತನ್ನ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಬಸ್ಸು ಹಿಡಿಯಲು ನಡೆದಳು.